ಬರೀ ಜ್ವರ ತಾನೇ ಅಂತ ಬಿಡೋ ಮುಂಚೆ

ಇಂಜಿನಿಯರಿಂಗ್ ಓದೋರಿಗೆ ಬಯಾಲಜಿ ಯಾಕೆ ಸ್ವಾಮಿ? ಪಿಯುಸಿಯಲ್ಲಿ ಜಿರಳೆ, ಕಪ್ಪೆ ಚಿತ್ರ ಬಿಡಿಸೋದು ತಪ್ಪಲಿ ಅಂತಾನೇ ನಮ್ಮಲ್ಲಿ ಅರ್ಧ ಜನ ಈ ಕಡೆ ಬಂದಿದ್ದು. ನಾಲ್ಕನೇ ಸೆಮ್‌ನಲ್ಲಿ ಬಯಾಲಜಿ ಪೇಪರ್ ಎದುರಾದಾಗ ನಾವು ಮಾಡಿದ್ದೂ ನಿಮಗೆ ಗೊತ್ತಿರೋದೇ. ಹಿಂದಿನ ರಾತ್ರಿ ಗ್ರೂಪ್‌ನಲ್ಲಿ ಒಂದು ಪಿಡಿಎಫ್ ಹರಿದಾಡಿತು, ಬೆಳಿಗ್ಗೆ ಬರೆದೆವು, ಮಧ್ಯಾಹ್ನ ಊಟದ ಹೊತ್ತಿಗೆ ಮರೆತೆವು. ಅದರಲ್ಲಿ ಸೈಟೊಕೈನ್ ಅನ್ನೋ ಪದ ಬಂದಿತ್ತೋ ಇಲ್ಲವೋ, ಈಗ ಯಾರನ್ನ ಕೇಳಿದರೂ ನೆನಪಿಲ್ಲ.

ಆ ಪದ ನಮಗೆ ಮತ್ತೆ ಸಿಕ್ಕಿದ್ದು ಹಾಸ್ಟೆಲ್‌ನಲ್ಲಿ, ಒಬ್ಬ ಸೀನಿಯರ್ ಅಣ್ಣನ ರಿಪೋರ್ಟ್ ಫೈಲ್ ಓದುವಾಗ. ಅವರ ಒಪ್ಪಿಗೆ ಕೇಳಿಯೇ ಇದನ್ನ ಬರೀತಿದ್ದೇವೆ. ಹೆಸರು ಬೇಡ, ಬ್ರಾಂಚೂ ಬೇಡ, ಉಳಿದಿದ್ದೆಲ್ಲ ಬರೀರಿ ಅಂದಿದ್ದಾರೆ.

ಶುರುವಾಗಿದ್ದು ಸಂಜೆ ಹೊತ್ತಿನ ಜ್ವರದಿಂದ. ಮಳೆಗಾಲ, ಸೊಳ್ಳೆ ಕಾಟ, ಡೆಂಗ್ಯೂ ಇರಬಹುದು ಅಂದ್ಕೊಂಡರು. ಟೆಸ್ಟ್ ನೆಗೆಟಿವ್ ಬಂತು. ಡೋಲೋ ನುಂಗಿದರೆ ಇಳಿಯೋದು, ಮರುದಿನ ಸಂಜೆ ಮತ್ತೆ ಹಾಜರ್. ರಾತ್ರಿ ಎದ್ದರೆ ಬನಿಯನ್ ಹಿಂಡಿದರೆ ನೀರು ಬರೋ ಹಾಗೆ ಒದ್ದೆ. ರೂಮ್‌ಮೇಟ್ ಫ್ಯಾನ್ ರಿಪೇರಿಗೆ ಕಂಪ್ಲೇಂಟ್ ಕೊಟ್ಟ. 68 ಕೆಜಿ ಇದ್ದೋರು ಐದು ತಿಂಗಳಲ್ಲಿ 60ಕ್ಕೆ ಇಳಿದರು, ಅದಕ್ಕೂ ಮೆಸ್ ಊಟವನ್ನೇ ಬೈದೆವು. "ಏನ್ ಅಣ್ಣ, ಜಿಮ್ಮಾ?" ಅಂತ ಕೇಳಿದವರಲ್ಲಿ ನಾವೂ ಇದ್ದೆವು. ಆಮೇಲೆ ಕಾಲರ್ ಮೂಳೆ ಮೇಲೆ ನಿಂಬೆಹಣ್ಣಿನಷ್ಟು ಒಂದು ಗಂಟು. ನೋವಿಲ್ಲ. ನೋವಿಲ್ಲ ಅಂದಮೇಲೆ ತೊಂದರೆಯೂ ಇಲ್ಲ ಅಂತ ನಮ್ಮ ಲಾಜಿಕ್.

ಮೆಡಿಕಲ್ ಶಾಪ್‌ನವರು ಚೀಟಿ ಇಲ್ಲದೇನೇ ಒಂದು ಪುಟ್ಟ ಮಾತ್ರೆ ಕೊಟ್ಟರು. ಪವಾಡ! ಎರಡೇ ದಿನಕ್ಕೆ ಜ್ವರ ಮಾಯ, ವಾರದಲ್ಲಿ ಗಂಟೂ ಕರಗಿತು. ಅದು ಸ್ಟೀರಾಯ್ಡ್ ಅನ್ನೋದು ಗೊತ್ತಾಗಿದ್ದು ತುಂಬಾ ತಡವಾಗಿ. ಮಾತ್ರೆ ನಿಲ್ಲಿಸಿದ ಮೂರು ವಾರಕ್ಕೆ ಎಲ್ಲಾ ವಾಪಸ್ ಬಂತು. ಒಂದು ಕ್ಲಿನಿಕ್‌ನಲ್ಲಿ ನೋಡಿ "ಟಿಬಿ ಗಂಟು ಇದ್ದ ಹಾಗಿದೆ" ಅಂದರು. ಗಂಟಿನಿಂದ ಸ್ಯಾಂಪಲ್ ತೆಗೆಯಲಿಲ್ಲ, ಟಿಬಿ ಮಾತ್ರೆ ಶುರು ಮಾಡಿದರು. ಎರಡು ತಿಂಗಳಾದರೂ ಇಳೀಲಿಲ್ಲ. ಬೇರೊಬ್ಬ ಡಾಕ್ಟರ್ ನೋಡಿ, ಗಂಟನ್ನೇ ಪೂರ್ತಿ ತೆಗೆದು ಬಯಾಪ್ಸಿಗೆ ಕಳಿಸೋಣ ಅಂತ ಡೇಟ್ ಕೊಟ್ಟರು. ಆ ಡೇಟ್ ಸೆಕೆಂಡ್ ಇಂಟರ್ನಲ್ಸ್ ದಿನವೇ ಬಿತ್ತು. ಜ್ವರದ ದೆಸೆಯಿಂದ ಆಗಲೇ ಅಟೆಂಡೆನ್ಸ್ ಶಾರ್ಟೇಜ್. ಅಣ್ಣ ಬಯಾಪ್ಸಿಯನ್ನ ಮೂರು ವಾರ ಮುಂದೆ ಹಾಕಿ ಇಂಟರ್ನಲ್ಸ್ ಬರೆದರು.

ರಿಪೋರ್ಟ್ ಬಂದಾಗ ಅದರಲ್ಲಿದ್ದದ್ದು ಹಾಜ್‌ಕಿನ್ ಲಿಂಫೋಮಾ. ಬಿಳಿ ರಕ್ತಕಣಗಳಲ್ಲೇ ಹುಟ್ಟುವ, ಹೆಚ್ಚಾಗಿ ದುಗ್ಧಗ್ರಂಥಿಗಳಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರ್.

ಈ ಕಥೆಯಲ್ಲಿ ಯಾರನ್ನೋ ಒಬ್ಬರನ್ನ ಹಿಡಿದು ಬಯ್ಯೋದು ನಮ್ಮ ಉದ್ದೇಶ ಅಲ್ಲ. ತಿಂಗಳುಗಟ್ಟಲೆ ಅಷ್ಟು ಜನ ಅಷ್ಟು ಸಲ ಮೋಸ ಹೋಗಿದ್ದು ಹೇಗೆ ಅನ್ನೋದು ನಮ್ಮನ್ನ ಕಾಡಿತು. ಓದುತ್ತಾ ಹೋದಾಗ ಉತ್ತರ ಸೈಟೊಕೈನ್‌ಗಳಲ್ಲಿ ಸಿಕ್ಕಿತು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೇವೆ: ಜ್ವರ, ಊತ, ಉರಿಯೂತ ಇವನ್ನೆಲ್ಲ ಇಳಿಸಬೇಕಾದ ಕಾಟ ಅಂತ ಮಾತ್ರ ನೋಡೋ ನಮ್ಮ ಅಭ್ಯಾಸವೇ ಅಪಾಯದ್ದು. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪಾಸ್ ಮಾಡಿದ ಮೇಲೂ ನಾವು ಹೀಗೇ ನೋಡಿದರೆ ನಾಚಿಕೆಗೇಡು.

ಸೈಟೊಕೈನ್ ಅಂದರೆ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಬಿಡುವ ಸಣ್ಣ ಪ್ರೋಟೀನ್‌ಗಳು. ಪ್ರಮಾಣ ಎಷ್ಟು ಕಡಿಮೆ ಅಂದರೆ, ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಲ್ಲಿ ಐಎಲ್-6 ಅನ್ನೋ ಸೈಟೊಕೈನ್ ಇರೋದು ಕೆಲವೇ ಪಿಕೊಗ್ರಾಂ. ಒಂದು ಪಿಕೊಗ್ರಾಂ ಅಂದರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಭಾಗ ಕಣ್ರೀ. ರೋಗಾಣು ಒಳಗೆ ಬಂದರೆ ಕಾವಲಿನ ಕೋಶಗಳು ಐಎಲ್-1, ಐಎಲ್-6, ಟಿಎನ್‌ಎಫ್ ಇಂಥವನ್ನ ಬಿಡುತ್ತವೆ. ಇವುಗಳ ಸುದ್ದಿ ಮೆದುಳಿನ ಹೈಪೊಥಾಲಮಸ್‌ಗೆ ಮುಟ್ಟಿದಾಗ ಅಲ್ಲಿ ಪ್ರೊಸ್ಟಗ್ಲಾಂಡಿನ್ ಇ2 ತಯಾರಾಗಿ, ಮೈಯ ಥರ್ಮೋಸ್ಟ್ಯಾಟ್‌ನ ಸೆಟ್ ಪಾಯಿಂಟ್ ಮೇಲೇರುತ್ತದೆ. ಹೊಸ ಸೆಟ್ ಪಾಯಿಂಟ್‌ಗೆ ಹೋಲಿಸಿದರೆ ಮೈ ತಣ್ಣಗಿದೆ ಅಂತ ಲೆಕ್ಕ, ಅದಕ್ಕೇ ಚಳಿ ನಡುಕ. ಸೆಟ್ ಪಾಯಿಂಟ್ ಕೆಳಗಿಳಿದಾಗ ಮೈ ಬಿಸಿಯನ್ನ ಹೊರಹಾಕಬೇಕು, ಅದಕ್ಕೇ ಬೆವರು. ಪ್ಯಾರಾಸಿಟಮಾಲ್ ಮಾಡೋದು ಮೆದುಳಲ್ಲಿ ಆ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನ ತಗ್ಗಿಸೋದು ಅಷ್ಟೇ. ಸೈಟೊಕೈನ್ ಎಲ್ಲಿಂದ ಬರ್ತಿದೆಯೋ ಅಲ್ಲಿಂದ ಬರ್ತಾನೇ ಇರುತ್ತೆ. ಅಲಾರ್ಮ್‌ನ ಸ್ಪೀಕರ್ ವೈರ್ ಕಿತ್ತ ಹಾಗೆ.

ಐಎಲ್-6 ಲಿವರ್‌ಗೂ ಹೋಗುತ್ತೆ. ಅಲ್ಲಿ ಸಿಆರ್‌ಪಿ ಹೆಚ್ಚುತ್ತೆ, ಇಎಸ್‌ಆರ್ ಏರುತ್ತೆ, ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಜಾಸ್ತಿಯಾಗಿ ಕಬ್ಬಿಣವನ್ನ ಉಗ್ರಾಣದಲ್ಲೇ ಬೀಗ ಹಾಕಿಡುತ್ತೆ, ಹಿಮೋಗ್ಲೋಬಿನ್ ಕುಸಿಯುತ್ತೆ. ಟಿಎನ್‌ಎಫ್ ಕಥೆ ಇನ್ನೂ ಮಜಾ. ಪ್ರಾಣಿಗಳನ್ನ ಸೊರಗಿಸುವ ವಸ್ತು ಯಾವುದು ಅಂತ ಹುಡುಕುತ್ತಿದ್ದ ಬ್ರೂಸ್ ಬಾಯ್ಟ್ಲರ್, ಆಂಥನಿ ಸೆರಾಮಿ ಅವರ ತಂಡ ಅದಕ್ಕೆ 'ಕ್ಯಾಕೆಕ್ಟಿನ್' ಅಂತ ಹೆಸರಿಟ್ಟಿತ್ತು. ಗಡ್ಡೆಗಳನ್ನ ಕೊಲ್ಲುತ್ತೆ ಅಂತ ಬೇರೆಯವರು ಹುಡುಕಿದ್ದ ಟಿಎನ್‌ಎಫ್ ಕೂಡ ಅದೇ ಅಂತ 1985ರಲ್ಲಿ ಗೊತ್ತಾಯಿತು. ಒಂದೇ ಪ್ರೋಟೀನ್, ಎರಡು ಹೆಸರು: ಒಂದು ಕಡೆ ಗಡ್ಡೆ ಕೊಲ್ಲೋದು, ಇನ್ನೊಂದು ಕಡೆ ರೋಗಿಯನ್ನೇ ಸೊರಗಿಸೋದು.

ಈಗ ಅಣ್ಣನ ಲಕ್ಷಣಗಳನ್ನ ಇದರ ಪಕ್ಕ ಇಟ್ಟು ನೋಡಿ. ಜ್ವರ, ರಾತ್ರಿ ಬೆವರು, ತೂಕ ಇಳಿಕೆ. ಲಿಂಫೋಮಾ ಡಾಕ್ಟರುಗಳು ಇವಕ್ಕೆ 'ಬಿ ಲಕ್ಷಣಗಳು' ಅಂತಾರೆ: ಕಾರಣ ಸಿಗದ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಬಟ್ಟೆ ಬದಲಿಸುವಷ್ಟು ಬೆವರು, ಆರು ತಿಂಗಳಲ್ಲಿ ತೂಕದ ಶೇಕಡಾ 10ಕ್ಕಿಂತ ಹೆಚ್ಚು ಇಳಿಕೆ. ಇವು ಇಲ್ಲದಿದ್ದರೆ ಸ್ಟೇಜ್ ಪಕ್ಕ ಎ ಅಂತ ಬರೀತಾರೆ, ಇದ್ದರೆ ಬಿ. ಮೂರನ್ನೂ ಮಾಡಿಸೋದರಲ್ಲಿ ಸೈಟೊಕೈನ್‌ಗಳ ಕೈವಾಡ ದೊಡ್ಡದು. ಟಿಬಿಯಲ್ಲೂ ಇದೇ ಜ್ವರ, ಇದೇ ಬೆವರು, ಇದೇ ಸೊರಗುವಿಕೆ, ಇದೇ ಇಎಸ್‌ಆರ್. ಯಾಕಂದ್ರೆ ಸುದ್ದಿ ಮುಟ್ಟಿಸೋ ಪೋಸ್ಟ್‌ಮ್ಯಾನ್‌ಗಳು ಎರಡು ಕಡೆಯೂ ಹೆಚ್ಚುಕಮ್ಮಿ ಅವರೇ. ಪತ್ರ ಬರೆದವರು ಯಾರು ಅಂತ ಪೋಸ್ಟ್‌ಮ್ಯಾನ್ ಮುಖ ನೋಡಿ ಹೇಳೋಕಾಗಲ್ಲ.

ಉರಿಯೂತ ಅಂದರೆ ಕ್ಯಾನ್ಸರಿನ ಲಕ್ಷಣ ಮಾತ್ರವಾ, ಅಥವಾ ಕಾರಣವೂ ಹೌದಾ? ಇದಕ್ಕೆ ನಮಗೆ ಸಿಕ್ಕ ಅತಿ ಚಂದದ ಪುರಾವೆ ಹೊಟ್ಟೆಯದು. ಹೆಲಿಕೋಬ್ಯಾಕ್ಟರ್ ಪೈಲೊರಿ ಅನ್ನೋ ಬ್ಯಾಕ್ಟೀರಿಯಾ ಜಠರದಲ್ಲಿ ವರ್ಷಗಟ್ಟಲೆ ಠಿಕಾಣಿ ಹೂಡುತ್ತೆ. (ಇದನ್ನ 1984ರಲ್ಲಿ ಬ್ಯಾರಿ ಮಾರ್ಷಲ್ ತಾನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡಿದ್ದು, 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಪಡೆದಿದ್ದು ಕ್ವಿಜ್ ಕ್ಲಬ್‌ನವರಿಗೆ ಬಾಯಿಪಾಠ.) ಅದನ್ನ ಎದುರಿಸೋಕೆ ಬಂದ ಟಿ ಕೋಶಗಳು ಸೈಟೊಕೈನ್ ಸುರಿಸುತ್ತಾ ಬಿ ಕೋಶಗಳಿಗೆ "ಬೆಳೀರಿ, ಇಬ್ಭಾಗವಾಗಿ" ಅಂತ ಹೇಳ್ತಾನೇ ಇರುತ್ತವೆ. ವರ್ಷಗಳ ಕಾಲ ಆ ಮಾತು ಕೇಳಿದ ಬಿ ಕೋಶಗಳಲ್ಲಿ ಕೆಲವರಿಗೆ ಮಾಲ್ಟ್ ಲಿಂಫೋಮಾ ಹುಟ್ಟುತ್ತೆ. 1993ರಲ್ಲಿ ವದರ್‌ಸ್ಪೂನ್, ಐಸಾಕ್ಸನ್ ಮತ್ತು ಸಂಗಡಿಗರು ಇಂಥ ಆರು ರೋಗಿಗಳಿಗೆ ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ಓಡಿಸಿದರು. ಐವರಲ್ಲಿ ಲಿಂಫೋಮಾವೇ ಕಾಣದಾಯಿತು. ಕೀಮೋ ಇಲ್ಲ, ರೇಡಿಯೇಷನ್ ಇಲ್ಲ! ಇನ್‌ಪುಟ್ ತೆಗೆದರು, ಔಟ್‌ಪುಟ್ ನಿಂತಿತು.

ಆದರೆ ಎಲ್ಲರಲ್ಲೂ ಹೀಗಾಗಲ್ಲ. ಕೆಲವರಲ್ಲಿ 11 ಮತ್ತು 18ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ ಅಂಟಿಕೊಂಡಿರುತ್ತವೆ. ಆಗ ಕೋಶದೊಳಗೆ ಎನ್‌ಎಫ್ ಕಪ್ಪಾ ಬಿ ಅನ್ನೋ ಮುಖ್ಯ ಸ್ವಿಚ್ ಶಾರ್ಟ್ ಆಗಿ ಯಾವಾಗಲೂ ಆನ್ ಆಗಿಯೇ ಇರುತ್ತೆ. ಹೊರಗಿನ ಸೈಟೊಕೈನ್ ಬಂದರೆಷ್ಟು, ಬಿಟ್ಟರೆಷ್ಟು? ಬ್ಯಾಕ್ಟೀರಿಯಾ ಓಡಿಸಿದರೂ ಗಡ್ಡೆ ಬಗ್ಗೋದಿಲ್ಲ. ದೊಡ್ಡ ಬಿ ಕೋಶದ ಲಿಂಫೋಮಾದ ಒಂದು ಬಗೆಯಲ್ಲಿ ಎಂವೈಡಿ88 ಅನ್ನೋ ಪ್ರೋಟೀನಿನ 265ನೇ ಜಾಗದ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರೋದು ಸಾಮಾನ್ಯ. ಅದೂ ಇದೇ ಸ್ವಿಚ್ಚನ್ನ ಒತ್ತಿ ಹಿಡಿಯುತ್ತೆ. ಆ ಕೋಶ ತನಗೆ ಬೇಕಾದ ಐಎಲ್-6, ಐಎಲ್-10 ತಾನೇ ತಯಾರಿಸಿ ತಾನೇ ಕುಡಿಯುತ್ತೆ. ಪಾಸಿಟಿವ್ ಫೀಡ್‌ಬ್ಯಾಕ್ ಅಂದರೇನು ಅಂತ ವೈವಾದಲ್ಲಿ ಕೇಳಿದರೆ ಇನ್ಮೇಲೆ ಈ ಉದಾಹರಣೆ ಕೊಡಬಹುದು, ಮಾರ್ಕ್ಸ್‌ಗೆ ನಾವು ಗ್ಯಾರಂಟಿ ಅಲ್ಲ.

ಹಾಜ್‌ಕಿನ್ ಲಿಂಫೋಮಾ ಇವೆಲ್ಲಕ್ಕಿಂತ ವಿಚಿತ್ರ. 1832ರಲ್ಲಿ ಲಂಡನ್ನಿನ ಥಾಮಸ್ ಹಾಜ್‌ಕಿನ್ ಇದನ್ನ ವಿವರಿಸಿದರು. 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್ ಮೈಕ್ರೋಸ್ಕೋಪಿನಲ್ಲಿ ಇದರ ದೈತ್ಯ ಕೋಶಗಳನ್ನ ವರ್ಣಿಸಿ, ಇದು ಟಿಬಿಯದೇ ಒಂದು ವಿಚಿತ್ರ ರೂಪ ಅಂದುಕೊಂಡರು. 1902ರಲ್ಲಿ ಇನ್ನೂ ಮೂವತ್ತು ದಾಟದ ಡೊರೊಥಿ ರೀಡ್, ಇಲ್ಲ, ಇದು ಟಿಬಿ ಅಲ್ಲ ಅಂತ ಬರೆದರು. ಆ ಕೋಶಗಳಿಗೆ ಇವತ್ತಿಗೂ ರೀಡ್-ಸ್ಟರ್ನ್‌ಬರ್ಗ್ ಕೋಶ ಅಂತಾನೇ ಹೆಸರು. ಅಂದರೆ ನಮ್ಮ ಕ್ಲಿನಿಕ್ಕಿನ ಡಾಕ್ಟರ್ ಎಡವಿದ ಕಡೆಯೇ ನೂರಿಪ್ಪತ್ತು ವರ್ಷದ ಹಿಂದೆ ದೊಡ್ಡ ಪಂಡಿತರೂ ಎಡವಿದ್ದರು.

ಯಾಕೆ ಎಡವುತ್ತಾರೆ ಅಂದರೆ, ಈ ಗಂಟಿನಲ್ಲಿ ಕ್ಯಾನ್ಸರ್ ಕೋಶ ಇರೋದೇ ಸುಮಾರು ಶೇಕಡಾ 1ರಷ್ಟು! ಉಳಿದ ತೊಂಬತ್ತೊಂಬತ್ತು ಪಾಲು ಟಿ ಕೋಶ, ಇಯೊಸಿನೊಫಿಲ್, ಮ್ಯಾಕ್ರೊಫೇಜ್, ಪ್ಲಾಸ್ಮಾ ಕೋಶಗಳ ಜಾತ್ರೆ. ಎಲ್ಲವೂ ಉರಿಯೂತದ ಕೋಶಗಳು, ಎಲ್ಲವೂ ಒಳ್ಳೆಯವೇ. ಅವನ್ನ ಕರೆಸಿದ್ದು ಆ ಶೇಕಡಾ ಒಂದು. ರೀಡ್-ಸ್ಟರ್ನ್‌ಬರ್ಗ್ ಕೋಶ ಮೂಲದಲ್ಲಿ ಒಂದು ಬಿ ಕೋಶ, ಆದರೆ ಆಂಟಿಬಾಡಿ ಮಾಡೋ ತನ್ನ ಕಸುಬನ್ನೇ ಕಳೆದುಕೊಂಡಿದೆ. ನ್ಯಾಯವಾಗಿ ಅದು ಸಾಯಬೇಕಿತ್ತು. ಬದುಕೋಕೆ ಅದು ಹಿಡಿದ ದಾರಿ ಸೈಟೊಕೈನ್: ಐಎಲ್-5 ಬಿಟ್ಟು ಇಯೊಸಿನೊಫಿಲ್‌ಗಳನ್ನ ಸೆಳೆಯುತ್ತೆ, ಟಾರ್ಕ್ ಅನ್ನೋ ಕೀಮೊಕೈನ್ ಬಿಟ್ಟು ಟಿ ಕೋಶಗಳಲ್ಲಿ ತನಗೆ ಬೇಕಾದ ಬಗೆಯವನ್ನ ಕರೆಯುತ್ತೆ, ಐಎಲ್-13 ತನಗಾಗಿ ತಾನೇ ಮಾಡಿಕೊಳ್ಳುತ್ತೆ, ಐಎಲ್-10 ಮತ್ತು ಟಿಜಿಎಫ್-ಬೀಟಾದಿಂದ ಕೊಲ್ಲೋಕೆ ಬಂದವರನ್ನ ಮಂಕು ಮಾಡುತ್ತೆ. ಮೇಲಿಂದ ಪಿಡಿ-ಎಲ್1 ಅನ್ನೋ ಬ್ರೇಕ್ ಬೇರೆ ಎತ್ತಿ ಹಿಡಿದಿರುತ್ತೆ. ಸುತ್ತ ಸೇರಿದ ಕೋಶಗಳು ಅದಕ್ಕೆ ಬದುಕುವ ಸಂದೇಶಗಳನ್ನ ವಾಪಸ್ ಕೊಡುತ್ತವೆ. ಪೊಲೀಸರನ್ನೇ ಬಂದೋಬಸ್ತಿಗೆ ಕರೆಸಿಕೊಂಡು ಮಧ್ಯೆ ಆರಾಮಾಗಿ ಕೂತ ಕಳ್ಳ ಇದು.

ಇದು ಬರೀ ಥಿಯರಿ ಅಲ್ಲ. ಶೇಕಡಾ ಒಂದೇ ಇರೋದನ್ನ ಸಣ್ಣ ಸೂಜಿ ಚುಚ್ಚಿ ನಾಲ್ಕು ಹನಿ ತೆಗೆದು ಹುಡುಕಿದರೆ ತಪ್ಪಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಸೂಜಿಗೆ ಸಿಗೋದು ಜಾತ್ರೆಯ ಜನ. ಕೆಲವೊಮ್ಮೆ ಈ ಗಂಟುಗಳಲ್ಲಿ ಟಿಬಿಯಲ್ಲಿ ಕಾಣುವಂಥ ಗ್ರಾನ್ಯುಲೋಮಾ ಕೂಡ ಇರುತ್ತೆ, ಗೊಂದಲ ಇನ್ನೂ ಹೆಚ್ಚು. ಅದಕ್ಕೇ ಲಿಂಫೋಮಾ ಅನುಮಾನ ಇದ್ದರೆ ಆದಷ್ಟು ಗಂಟನ್ನೇ ಪೂರ್ತಿ ತೆಗೆದು ನೋಡ್ತಾರೆ. ಸ್ಯಾಂಪ್ಲಿಂಗ್ ಎರರ್ ಅಂತ ಪ್ರಾಬಬಿಲಿಟಿ ಕ್ಲಾಸಲ್ಲಿ ಓದಿದ್ದು ಇದನ್ನೇ.

ಪ್ರಾಬಬಿಲಿಟಿ ಮಾತು ಬಂತು, ಕ್ಲಿನಿಕ್ಕಿನ ಡಾಕ್ಟರ್ ಪರವಾಗಿಯೂ ಒಂದು ಮಾತು. ಪ್ರಪಂಚದ ಟಿಬಿ ರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲೇ ಇದ್ದಾರೆ. ಕುತ್ತಿಗೆ ಗಂಟು, ಸಂಜೆ ಜ್ವರ ಅಂದರೆ ಮೊದಲು ಟಿಬಿ ನೆನಪಾಗೋದು ತಪ್ಪಲ್ಲ, ಬೇಯ್ಸ್ ಸೂತ್ರದ ಪ್ರಕಾರ ಸರಿಯೇ. ಟಿಬಿ ಗಂಟು ಚಿಕಿತ್ಸೆ ಶುರುವಾದ ಮೇಲೆ ಕೆಲಕಾಲ ದೊಡ್ಡದಾಗೋದೂ ಉಂಟು, ಅದಕ್ಕೆ ಕಾಯ್ತಾರೆ. ನಮ್ಮ ತಕರಾರು ಒಂದೇ: ಸ್ಯಾಂಪಲ್ ಇಲ್ಲದೆ ಶುರು ಮಾಡಿದ್ದು. ಗಂಟಿನ ಸ್ಯಾಂಪಲ್ಲನ್ನ ಸಿಬಿನ್ಯಾಟ್ ಮೆಷಿನ್‌ಗೆ ಹಾಕಿ ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಇದೆಯಾ ಅಂತ ನೋಡಬಹುದು, ಅದೇ ಗಂಟನ್ನ ಮೈಕ್ರೋಸ್ಕೋಪಿನಲ್ಲೂ ನೋಡಬಹುದು. ಪ್ರಯಾರ್ ಎಷ್ಟೇ ಬಲವಾಗಿರಲಿ, ಡೇಟಾ ಸಿಗೋ ಹಾಗಿದ್ದಾಗ ಅದನ್ನ ತಗೊಳ್ಳದೇ ಇರೋದಕ್ಕೆ ಯಾವ ಸೂತ್ರದ ಒಪ್ಪಿಗೆಯೂ ಇಲ್ಲ.

ಮೆಡಿಕಲ್ ಶಾಪ್ ಮಾತ್ರೆಯ ಬಗ್ಗೆ ಮಾತ್ರ ನಮಗೆ ಅಷ್ಟು ಕರುಣೆ ಇಲ್ಲ. ಸ್ಟೀರಾಯ್ಡ್ ಸೈಟೊಕೈನ್ ತಯಾರಿಕೆಯನ್ನ ಮೂಲದಲ್ಲೇ ತಗ್ಗಿಸುತ್ತೆ, ಲಿಂಫೊಸೈಟ್‌ಗಳನ್ನ ಸಾಯಿಸುತ್ತೆ ಕೂಡ. ಲಿಂಫೋಮಾದ ಎಷ್ಟೋ ಚಿಕಿತ್ಸೆಗಳಲ್ಲಿ ಪ್ರೆಡ್ನಿಸೊಲೋನ್ ಇರೋದು ಅದಕ್ಕೇ. ಆದರೆ ರೋಗ ಯಾವುದು ಅಂತ ಗೊತ್ತಾಗೋ ಮುಂಚೆ ಅದನ್ನ ನುಂಗಿದರೆ ಗಂಟು ತಾತ್ಕಾಲಿಕವಾಗಿ ಕುಗ್ಗಿ, ಬಯಾಪ್ಸಿಯಲ್ಲಿ ನೋಡಬೇಕಾದ ಚಿತ್ರವೇ ಕಲಸಿಹೋಗುತ್ತೆ. ರೋಗ ಒಳಗೇ ಇರುತ್ತೆ. ಸಾಕ್ಷಿ ಮಾತ್ರ ಅಳಿಸಿಹೋಗಿರುತ್ತೆ. ಟಿಬಿಯೇ ಆಗಿದ್ದರೂ, ಟಿಬಿ ಔಷಧವಿಲ್ಲದೆ ಬರೀ ಸ್ಟೀರಾಯ್ಡ್ ನುಂಗಿದರೆ ಅದು ಹರಡೋಕೆ ದಾರಿ ಮಾಡಿಕೊಟ್ಟ ಹಾಗೆ. ಹಾಸ್ಟೆಲ್‌ನಲ್ಲಿ "ಮಗಾ, ಆ ಚಿಕ್ಕ ಮಾತ್ರೆ ಸೂಪರ್ ಕಣೋ, ಒಂದೇ ದಿನಕ್ಕೆ ಇಳಿಯುತ್ತೆ" ಅಂತ ಯಾರಾದ್ರೂ ಸ್ಟ್ರಿಪ್ ಕೊಟ್ಟರೆ, ಹಿಂದೆ ತಿರುಗಿಸಿ ಹೆಸರು ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಅಂತಿದ್ದರೆ ವಾಪಸ್ ಕೊಟ್ಟುಬಿಡಿ.

ಇನ್ನು ನಮ್ಮ ಫ್ಯಾಮಿಲಿ ಗ್ರೂಪ್‌ಗಳ ವಿಷಯ. ಬೆಳಿಗ್ಗೆ ಒಂದು ಫಾರ್ವರ್ಡ್: ಇಮ್ಯೂನಿಟಿ ಹೆಚ್ಚಿಸುವ ಕಷಾಯ. ಸಂಜೆ ಇನ್ನೊಂದು: ದೇಹದ ಉರಿಯೂತವನ್ನ ಬೇರುಸಹಿತ ಕಿತ್ತೊಗೆಯುವ ಪಾನೀಯ. ಎರಡನ್ನೂ ಒಬ್ಬರೇ ಅತ್ತೆ ಕಳಿಸಿರ್ತಾರೆ. ಉರಿಯೂತ ಇಮ್ಯೂನಿಟಿಯದೇ ಕೆಲಸ ಅಲ್ವಾ ಅತ್ತೆ, ಹೆಚ್ಚಿಸಬೇಕಾ ಇಳಿಸಬೇಕಾ ಅಂತ ಕೇಳಿದ್ದಕ್ಕೆ ನಮ್ಮಲ್ಲೊಬ್ಬನಿಗೆ "ಓದಿ ತಲೆ ಕೆಟ್ಟಿದೆ ನಿಂಗೆ" ಅನ್ನೋ ಉತ್ತರ ಸಿಕ್ಕಿದೆ. ಕಷಾಯ ಕುಡೀರಿ, ಶುಂಠಿ-ಮೆಣಸಿಗೆ ನಮ್ಮ ವಿರೋಧ ಇಲ್ಲ, ಗಂಟಲಿಗೆ ಹಿತವಾಗಿರುತ್ತೆ. ಆದರೆ ಹೆಚ್ಚು-ಕಡಿಮೆ ಅನ್ನೋ ಒಂದೇ ನಾಬ್ ಇರೋ ಆಂಪ್ಲಿಫಯರ್ ಅಲ್ಲ ಇದು. ಹಾಜ್‌ಕಿನ್ ಗಂಟಿನಲ್ಲಿ ಉರಿಯೂತ ಕಡಿಮೆ ಇಲ್ಲ, ತುಂಬಿ ತುಳುಕ್ತಿದೆ. ಅದರ ದಿಕ್ಕು ತಪ್ಪಿದೆ ಅಷ್ಟೇ. ನಿವೊಲುಮಾಬ್ ಅನ್ನೋ ಔಷಧ ಮಾಡೋದು ಪಿಡಿ-1 ಬ್ರೇಕನ್ನ ಬಿಡಿಸೋದು. ಸುತ್ತ ಮಂಕು ಹಿಡಿದು ಕೂತಿದ್ದ ಕೋಶಗಳು ಆಗ ಎಚ್ಚೆತ್ತುಕೊಳ್ಳುತ್ತವೆ. ಬೇರೆ ಚಿಕಿತ್ಸೆಗಳಿಗೆ ಬಗ್ಗದ ಹಾಜ್‌ಕಿನ್‌ಗೆ ಅಮೆರಿಕದಲ್ಲಿ 2016ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಬ್ರೇಕ್ ಕಂಡುಹಿಡಿದ ದಾರಿಗೆ 2018ರಲ್ಲಿ ತಸುಕು ಹೊಂಜೊ ಮತ್ತು ಜೇಮ್ಸ್ ಆಲಿಸನ್ ಅವರಿಗೆ ನೊಬೆಲ್ ಬಂತು.

ಸೈಟೊಕೈನಿನ ಇನ್ನೊಂದು ಮುಖ ಕಾರ್-ಟಿ ಚಿಕಿತ್ಸೆಯಲ್ಲಿದೆ. ರೋಗಿಯದೇ ಟಿ ಕೋಶ ತೆಗೆದು, ಬಿ ಕೋಶಗಳ ಮೇಲಿನ ಸಿಡಿ19 ಗುರುತು ಹಿಡಿಯೋ ಹಾಗೆ ಜೀನ್ ಬದಲಿಸಿ ವಾಪಸ್ ಹಾಕ್ತಾರೆ. ಅವು ಗಡ್ಡೆಯ ಮೇಲೆ ಬಿದ್ದಾಗ ಐಎಲ್-6 ಎಷ್ಟು ಸುರಿಯುತ್ತೆ ಅಂದರೆ ಚಿಕಿತ್ಸೆಯೇ ಪ್ರಾಣಕ್ಕೆ ಎರವಾಗಬಹುದು. 2012ರಲ್ಲಿ ಎಮಿಲಿ ವೈಟ್‌ಹೆಡ್ ಅನ್ನೋ ಪುಟ್ಟ ಹುಡುಗಿಗೆ (ಅವಳದು ಲಿಂಫೋಮಾ ಅಲ್ಲ, ಲ್ಯುಕೇಮಿಯಾ) ಹೀಗಾದಾಗ, ಸಂಧಿವಾತಕ್ಕೆ ಬಳಸುತ್ತಿದ್ದ ಟೊಸಿಲಿಜುಮಾಬ್ ಕೊಟ್ಟು ಐಎಲ್-6ರ ಬಾಗಿಲು ಮುಚ್ಚಿದರು. ಹುಡುಗಿ ಬದುಕಿದಳು. ಕ್ಯಾನ್ಸರೂ ಹೋಯಿತು. ನಮ್ಮ ದೇಶದ ನೆಕ್ಸ್‌ಕಾರ್19 ಹುಟ್ಟಿದ್ದು ಐಐಟಿ ಬಾಂಬೆಯ ಬಯೋಇಂಜಿನಿಯರಿಂಗ್ ಲ್ಯಾಬಿನಲ್ಲಿ, ಟಾಟಾ ಮೆಮೋರಿಯಲ್ ಜೊತೆಗೂಡಿ. 2023ರ ಅಕ್ಟೋಬರ್‌ನಲ್ಲಿ ಬಿ ಕೋಶದ ಲಿಂಫೋಮಾ ಮತ್ತು ಲ್ಯುಕೇಮಿಯಾಗಳಿಗೆ ಒಪ್ಪಿಗೆ ಪಡೆಯಿತು. ಅಮೆರಿಕದಲ್ಲಿ 2017ರಲ್ಲಿ ಲಿಂಫೋಮಾಗೆ ಬಂದ ಮೊದಲ ಕಾರ್-ಟಿಯ ಬೆಲೆ ಆಗ 3.73 ಲಕ್ಷ ಡಾಲರ್ ಇತ್ತು. ಇಲ್ಲಿ 40 ಲಕ್ಷ ರೂಪಾಯಿ ಆಸುಪಾಸು. ಅದೂ ನಮ್ಮ ಮನೆಗಳಿಗೆ ನಿಲುಕೋ ಮೊತ್ತ ಅಲ್ಲ ಬಿಡಿ. ಆದರೆ ಬಯಾಲಜಿ ಪೇಪರನ್ನ ಟೈಂಪಾಸ್ ಅಂದ ನಮಗೆ, ಇದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಿಂದ ಬಂದದ್ದು ಅನ್ನೋದು ಸ್ವಲ್ಪ ಚುಚ್ಚಿತು.

ಅಣ್ಣನಿಗೆ ಇಷ್ಟೆಲ್ಲ ಬೇಕಾಗಲಿಲ್ಲ. 1970ರ ದಶಕದಲ್ಲಿ ಇಟಲಿಯ ಮಿಲಾನ್‌ನಲ್ಲಿ ಬೊನಡೊನ್ನಾ ತಂಡ ರೂಪಿಸಿದ ನಾಲ್ಕು ಔಷಧಗಳ ಹಳೇ ಕೀಮೋ ಎಬಿವಿಡಿ, ಹದಿನೈದು ದಿನಕ್ಕೊಮ್ಮೆ, ಒಟ್ಟು ಹನ್ನೆರಡು ಸಲ. ಬೇಗ ಸಿಕ್ಕಿಬಿದ್ದರೆ ಹಾಜ್‌ಕಿನ್ ರೋಗಿಗಳಲ್ಲಿ ಬಹುಪಾಲು ಜನ ಪೂರ್ತಿ ಗುಣವಾಗ್ತಾರೆ. ಅದು ಹದಿಹರೆಯ, ಇಪ್ಪತ್ತು-ಮೂವತ್ತರ ವಯಸ್ಸಿನವರಲ್ಲೇ ಕಾಣಿಸೋದು ಜಾಸ್ತಿ ಅನ್ನೋದಕ್ಕೇ ಈ ಬರಹ ಇಲ್ಲಿ, ನಮ್ಮ ಕ್ಲಬ್ಬಿನ ಪತ್ರಿಕೆಯಲ್ಲಿ ಬಂದಿರೋದು. ಜ್ವರ ಬಂದವರೆಲ್ಲ ಲಿಂಫೋಮಾ ಅಂತ ಗೂಗಲ್ ಮಾಡಿ ಹೆದರಿ ಕೂರೋದು ಬೇಡ. ನೂರು ಗಂಟಿನಲ್ಲಿ ಹೆಚ್ಚಿನವು ಹಲ್ಲು, ಗಂಟಲು, ತಲೆಹೊಟ್ಟಿನ ಸೋಂಕಿಗೆ ಬಂದು ಹೋಗೋವೇ. ನಾಲ್ಕೈದು ವಾರ ದಾಟಿಯೂ ಇಳಿಯದ ಗಂಟು, ಅದರಲ್ಲೂ ಕಾಲರ್ ಮೂಳೆ ಮೇಲಿನದು, ಜೊತೆಗೆ ಜ್ವರ, ಬೆವರು, ತೂಕ ಇಳಿಕೆ ಇದ್ದರೆ ಡಾಕ್ಟರ್ ಹತ್ತಿರ ಹೋಗಿ "ಸ್ಯಾಂಪಲ್ ತೆಗೆದು ನೋಡೋಣವಾ ಸರ್?" ಅಂತ ಕೇಳೋಕೆ ಹಿಂಜರೀಬೇಡಿ.

ಕಾಲೇಜಿಗೂ ಒಂದು ಅರ್ಜಿ ಇದೆ, ಕ್ಲಬ್ ಪರವಾಗಿ ಬರೆದು ಕೊಟ್ಟಿದ್ದೇವೆ. ಬಯಾಪ್ಸಿ, ಸ್ಕ್ಯಾನ್ ಇಂಥದ್ದಕ್ಕೆ ಆಸ್ಪತ್ರೆ ಕೊಟ್ಟ ದಿನಾಂಕ ಇಂಟರ್ನಲ್ಸ್ ದಿನ ಬಿದ್ದರೆ, ಆ ಚೀಟಿಯನ್ನೇ ಆಧಾರ ಇಟ್ಟುಕೊಂಡು ಇಂಟರ್ನಲ್ಸನ್ನ ಇನ್ನೊಂದು ದಿನ ಬರೆಯೋಕೆ ಬಿಡಬೇಕು, ಅಟೆಂಡೆನ್ಸ್ ಕತ್ತರಿಸಬಾರದು. ಈಗ ರಿಪೋರ್ಟ್ ಪಾಸಿಟಿವ್ ಬಂದ ಮೇಲೆ ಮಾತ್ರ ಮೆಡಿಕಲ್ ಲೀವ್ ಸಿಗುತ್ತೆ. ರಿಪೋರ್ಟ್ ಬರೋಕೆ ಟೆಸ್ಟ್‌ಗೆ ಹೋಗಬೇಕಲ್ಲ ಸಾರ್? ಆಫೀಸಿನಲ್ಲಿ ಅರ್ಜಿ ತಗೊಂಡಿದ್ದಾರೆ, ಸೀಲ್ ಹಾಕಿದ ಕಾಪಿ ನಮ್ಮ ಹತ್ತಿರ ಇದೆ. ಸಹಿ ಮಾಡದೇ ಉಳಿದವರು ಶುಕ್ರವಾರ ಸಂಜೆ ಕ್ಲಬ್ ರೂಮಿಗೆ ಬನ್ನಿ, ಎರಡನೇ ಪ್ರತಿ ಅಲ್ಲೇ ಇಟ್ಟಿರ್ತೇವೆ. ಮೊದಲ ಸಹಿ ಅಣ್ಣಂದು. ಆ ಇಂಟರ್ನಲ್ಸ್‌ನಲ್ಲಿ ಅವರಿಗೆ ಬಂದಿದ್ದು ಮೂವತ್ತಕ್ಕೆ ಹದಿನೇಳು.